ಸಿಡ್ನಿಯಿಂದ ತೀರ್ಥಹಳ್ಳಿಗೆ, ಎರಡು ಮಕ್ಕಳ ಜೊತೆ ಒಬ್ಬಳೇ

ತೀರ್ಥಹಳ್ಳಿ, ಈಗ ಸಿಡ್ನಿ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಊರಿಗೆ ಹೊರಟಿದ್ದೇನೆ. ಮಗಳಿಗೆ ಐದು ವರ್ಷ, ಮಗನಿಗೆ ಇನ್ನೂ ಎರಡು ತುಂಬಿಲ್ಲ. ಯಜಮಾನರಿಗೆ ರಜೆ ಸಿಗಲಿಲ್ಲ. ಬೆಂಗಳೂರಿನವರೆಗೆ ನೇರ ವಿಮಾನ. ಅಲ್ಲಿಂದ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಇನ್ನೊಂದು ವಿಮಾನ ಹಿಡಿಯಲಾ, ಕಾರು ಮಾಡಲಾ? ಅಮ್ಮನಿಗೆ ಮಂಡಿನೋವು, ಕರೆದುಕೊಂಡು ಹೋಗಲು ಬರುವ ಹಾಗಿಲ್ಲ. ಮಗ ಅಜ್ಜಿಯನ್ನು ಫೋನಿನಲ್ಲಿ ಮಾತ್ರ ನೋಡಿದ್ದಾನೆ.

ಭದ್ರಾವತಿ, ಈಗ ಸಿಡ್ನಿ:
ಸಿಡ್ನಿ–ಬೆಂಗಳೂರು 9,300 ಕಿ.ಮೀ.ಗೂ ಜಾಸ್ತಿ. ಹೋಗುವಾಗ ಸುಮಾರು 12 ಗಂಟೆ. ಬರುವಾಗ ಗಾಳಿ ಹಿಂದಿನಿಂದ ಬೀಸುವುದರಿಂದ ಸ್ವಲ್ಪ ಕಡಿಮೆ. ಸೋಗಾನೆಗೆ ಒಂದು ಗಂಟೆಯ ಹಾರಾಟ ಅಷ್ಟೇ. ಆದರೆ ಬೆಂಗಳೂರಿನಲ್ಲಿ ಲಗೇಜ್ ಬಿಡಿಸಿಕೊಂಡು ಮತ್ತೆ ಕೊಡಬೇಕು. ಚಿಕ್ಕ ವಿಮಾನದಲ್ಲಿ ತೂಕದ ಮಿತಿಯೂ ಕಡಿಮೆ. ಟಿಕೆಟ್ ಬೇರೆ ಬೇರೆ ಇದ್ದರೆ, ಮೊದಲನೆಯ ವಿಮಾನ ತಡವಾದರೆ ಎರಡನೆಯದು ಕಾಯುವುದಿಲ್ಲ. ಒಂದು ರಾತ್ರಿ ದೇವನಹಳ್ಳಿ ಹತ್ತಿರ ಉಳಿದುಬಿಡಿ. ಡಿಸೆಂಬರ್‌ನಲ್ಲಿ ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಮಕ್ಕಳು ಅಲ್ಲಿ ರಾತ್ರಿ ಒಂದಕ್ಕೇ ಏಳುತ್ತಾರೆ.

ಸಾಗರ, ಈಗ ಮೆಲ್ಬರ್ನ್:
ಗಂಟೆ ಲೆಕ್ಕ ಬಿಡಿ ತಂಗಿ. ಒಂದು ತಿಂಗಳು ಹೋಗಿ ಬಂದರೆ ಮಕ್ಕಳಿಗೆ ಊರು ಹತ್ತುವುದಿಲ್ಲ. ನನ್ನ ಮಗನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅವನ ಅಜ್ಜ ಕೊನೆಯವರೆಗೂ ಅವನ ಜೊತೆ ಸನ್ನೆಯಲ್ಲೇ ಮಾತಾಡಿದರು. ಮಗಳು ದೊಡ್ಡ ಶಾಲೆಗೆ ಸೇರುವ ಮೊದಲು ವಾಪಸ್ ಹೋಗಿಬಿಡಿ. ಶಿವಮೊಗ್ಗದಲ್ಲಿ ಏನಿಲ್ಲ ಹೇಳಿ? 2023ರಿಂದ ವಿಮಾನವೂ ಇದೆ.

ಹೊಸನಗರ, ಈಗ ಅಡಿಲೇಡ್:
ಅಣ್ಣ, ಇದನ್ನು ನಾನು ಒಪ್ಪುವುದಿಲ್ಲ. ನನ್ನ ಮಗಳು ಹುಟ್ಟಿದ್ದು ಇಲ್ಲೇ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಭಾನುವಾರ ಕನ್ನಡ ಶಾಲೆ ತಪ್ಪಿಸುವುದಿಲ್ಲ. ಅಜ್ಜಿಗೆ ತಾನೇ ಕಾಗದ ಬರೆಯುತ್ತಾಳೆ. ಮಳೆಗಾಲದಲ್ಲಿ ಹೋದಾಗ ಇಂಬಳ (ಜಿಗಣೆ) ಕಚ್ಚಿದರೂ ತೋಟ ಬಿಟ್ಟು ಬರಲಿಲ್ಲ.

ಸಾಗರ, ಈಗ ಮೆಲ್ಬರ್ನ್:
ಒಂದು ಮಗು ಕಲಿತರೆ ಎಲ್ಲಾ ಮಕ್ಕಳೂ ಕಲಿಯುತ್ತಾರಾ? ಅಡಿಕೆ ಕೊಯ್ಲಿನ ಹೊತ್ತಿಗೆ ಮನೆಯಲ್ಲಿ ಇಬ್ಬರೇ ಮುದುಕರು. ಅದನ್ನು ಯಾರೂ ಮಾತಾಡುವುದಿಲ್ಲ.

ಹೊಸನಗರ, ಈಗ ಅಡಿಲೇಡ್:
ಆ ನೋವು ನನಗೂ ಇದೆ ಅಣ್ಣ. ಆದರೆ ಅವರು ಕೇಳಿದ್ದು ದಾರಿ.

ತೀರ್ಥಹಳ್ಳಿ, ಈಗ ಸಿಡ್ನಿ:
ದಯವಿಟ್ಟು ಯಾರಾದರೂ ಕಾರಿನ ವಿಷಯ ಹೇಳಿ.

ಭದ್ರಾವತಿ, ಈಗ ಸಿಡ್ನಿ:
ಲಗೇಜ್ ಜಾಸ್ತಿ ಇದ್ದರೆ ಕಾರೇ ಸರಿ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ತುಮಕೂರು ಸೇರಿ, ಬೆಂಗಳೂರು ಪೇಟೆಯೊಳಗೆ ಹೋಗುವುದೇ ಬೇಡ. ಹಗಲಲ್ಲೇ ಹೊರಡಿ. ಮಗುವಿನ ಸೀಟು ಬಾಡಿಗೆ ಕಾರಿನಲ್ಲಿ ಸಿಗುವುದು ಕಷ್ಟ, ನಿಮ್ಮದನ್ನೇ ಒಯ್ಯಿರಿ. ಶಿವಮೊಗ್ಗ ದಾಟಿದ ಮೇಲೆ ಮಂಡಗದ್ದೆ ಕಡೆ ತಿರುವು ಜಾಸ್ತಿ, ಹೊಟ್ಟೆ ತುಂಬಾ ತಿನ್ನಿಸಬೇಡಿ. ಸಕ್ರೆಬೈಲಿನ ಹತ್ತಿರ ನಿಲ್ಲಿಸಿದರೆ ಮಕ್ಕಳು ಕೈಕಾಲು ಆಡಿಸುತ್ತಾರೆ. ಇನ್ನೊಂದು ಮಾತು. ಮಗನದು ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಆದರೆ ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇಲ್ಲವೇ ವೀಸಾ ಬೇಕು. ಈಗಲೇ ಅರ್ಜಿ ಹಾಕಿ. ಊರಿನಲ್ಲಿರುವಾಗ ಅವನಿಗೆ ಎರಡು ತುಂಬುತ್ತದಾ?

ತೀರ್ಥಹಳ್ಳಿ, ಈಗ ಸಿಡ್ನಿ:
ಹೌದು, ಜನವರಿಯಲ್ಲಿ.

ಭದ್ರಾವತಿ, ಈಗ ಸಿಡ್ನಿ:
ಹಾಗಿದ್ದರೆ ಬರುವಾಗ ಮಡಿಲಲ್ಲಿ ಕೂರಿಸಲು ಬಿಡುವುದಿಲ್ಲ, ಅವನಿಗೂ ಸೀಟು ತೆಗೆದುಕೊಳ್ಳಿ.