ಬೆಂಕಿ ಬಿದ್ದ ಮನೆಯಲ್ಲಿ ಯಾರನ್ನು ಉಳಿಸಬೇಕು?

ಅಣ್ಣ (ಫಾರ್ವರ್ಡ್): ಮನೆಗೆ ಬೆಂಕಿ ಬಿದ್ದಿದೆ. ಒಳಗೆ ದೊಡ್ಡ ಲೇಖಕರು, ಜೊತೆಗೆ ಅವರ ಮನೆಕೆಲಸದವಳು. ಒಬ್ಬರನ್ನೇ ಉಳಿಸಬಹುದು. ವಿಚಾರವಂತರಿಗೆ ಎಲ್ಲರೂ ಸಮಾನ. ನೀವು ಯಾರನ್ನು ಉಳಿಸುತ್ತೀರಿ?

ನಾನು: ಅಣ್ಣ, ಇದು 1793ರಲ್ಲಿ ಇಂಗ್ಲೆಂಡಿನ ಚಿಂತಕ ವಿಲಿಯಂ ಗಾಡ್ವಿನ್ ತನ್ನ ಪುಸ್ತಕದಲ್ಲಿ ಕೇಳಿದ ಪ್ರಶ್ನೆ. ಆ ಲೇಖಕರು ಫ್ರಾನ್ಸಿನ ಆರ್ಚ್‌ಬಿಷಪ್ ಫೆನೆಲೋನ್. ಗಾಡ್ವಿನ್ ಕೊಟ್ಟ ಉತ್ತರ ಗೊತ್ತಾ? ಫೆನೆಲೋನ್ ಅವರನ್ನೇ ಉಳಿಸಬೇಕು, ಅವರ ಬರಹದಿಂದ ಸಾವಿರಾರು ಜನಕ್ಕೆ ಒಳ್ಳೆಯದಾಗುತ್ತದೆ. ಕೆಲಸದವಳು ನಿಮ್ಮ ಹೆಂಡತಿಯೋ ತಾಯಿಯೋ ಆಗಿದ್ದರೂ ಅಷ್ಟೇ. ಮುಂದಿನ ಮುದ್ರಣದಲ್ಲಿ ಅವಳ ಜಾಗಕ್ಕೆ ಸೇವಕ ಬಂದ, ತಾಯಿಯ ಜಾಗಕ್ಕೆ ತಂದೆ. ವಾದ ಮಾತ್ರ ಬದಲಾಗಲಿಲ್ಲ. ಪಕ್ಷಪಾತ ಬಿಟ್ಟು ಯೋಚಿಸಿದವನೇ ಮನುಷ್ಯರನ್ನು ತಕ್ಕಡಿಗೆ ಹಾಕಿದ ನೋಡಿ. ‘ನನ್ನವರು’ ಅನ್ನೋದನ್ನು ಬಿಟ್ಟ ಮಾತ್ರಕ್ಕೆ ಎಲ್ಲರೂ ಸಮಾನ ಆಗಿಬಿಡುವುದಿಲ್ಲ.

ಚಿಕ್ಕಪ್ಪ: ಅದನ್ನೇ ನಾನೂ ಹೇಳೋದು. ಯಾರಿಗೆ ಎಷ್ಟು ಬೆಲೆ ಅಂತ ತರ್ಕ ಹೇಳಲ್ಲ. ನನ್ನ ಬೆರಳಿಗೆ ಗೀರು ಬೀಳುವುದಕ್ಕಿಂತ ಲೋಕವೇ ಹಾಳಾಗಲಿ ಅಂದರೂ ಅದು ತರ್ಕಕ್ಕೆ ವಿರುದ್ಧವಲ್ಲ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ ಬರೆದಿದ್ದಾನೆ.

ಅತ್ತೆ: ಬೆಲೆ ಯಾಕೆ ಕಟ್ಟಬೇಕು? 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಓಟಿನಿಂದ. ಅವರಿಗೆ 40,752, ಎದುರಾಳಿಗೆ 40,751. ಆ ಒಂದು ಓಟು ಮೇಷ್ಟರದ್ದೋ ಕೂಲಿಯವಳದ್ದೋ ಅಂತ ಯಾರೂ ಕೇಳುವ ಹಾಗಿರಲಿಲ್ಲ.

ಚಿಕ್ಕಪ್ಪ: ಅಕ್ಕ, ಅದು ಸಂವಿಧಾನ ಮಾಡಿದ ತೀರ್ಮಾನ. ಒಳ್ಳೆಯ ತೀರ್ಮಾನವೇ. ಆದರೆ ತರ್ಕದಿಂದ ತಾನಾಗಿ ಬಂದದ್ದಲ್ಲ, ಅಲ್ವಾ?

ನಾನು: ಚಿಕ್ಕಪ್ಪ, ಇಲ್ಲೇ ನನಗೂ ನಿಮಗೂ ಜಗಳ. ಬ್ಯಾಂಕಿನ ಕ್ಯೂನಲ್ಲಿ ಯಾರೋ ನಿಮ್ಮನ್ನು ತಳ್ಳಿ ಮುಂದೆ ಹೋದರು ಅಂದುಕೊಳ್ಳಿ. ನೀವು ಬೇಡಿಕೊಳ್ಳಲ್ಲ. ‘ಇದು ಸರಿಯಲ್ಲ’ ಅಂತೀರಿ. ಹಿಂದೆ ನಿಂತ ಅಜ್ಜಿಯೂ ಅದೇ ಮಾತು ಹೇಳಬಹುದು. ನೀವು ಹೇಳಿದರೆ ನ್ಯಾಯ, ಅವಳು ಹೇಳಿದರೆ ಗೊಣಗಾಟ ಅಂದರೆ ತರ್ಕ ಅಲ್ಲೇ ಮುರಿದುಬೀಳುತ್ತದೆ. ಎಲ್ಲರ ಮೇಲೂ ಒಂದೇ ಪ್ರೀತಿ ಇರಲಿ ಅಂತ ತರ್ಕ ಕೇಳಲ್ಲ. ಆದರೆ ನ್ಯಾಯ ಕೇಳಿದ ಕ್ಷಣವೇ, ಇನ್ನೊಬ್ಬರಿಗೂ ಅಷ್ಟೇ ಹಕ್ಕಿದೆ ಅಂತ ಒಪ್ಪಿಕೊಂಡ ಹಾಗಾಯಿತು.

ಅಣ್ಣ: ಹಾಗಾದ್ರೆ ಬೆಂಕಿಯಲ್ಲಿ?

ನಾನು: ಅಮ್ಮ ಅಲ್ಲಿದ್ದರೆ ಅಮ್ಮನನ್ನೇ ಎತ್ತಿಕೊಂಡು ಓಡುತ್ತೇನೆ. ಆದರೆ ಫೆನೆಲೋನ್ ಮನೆಯವರ ಮುಂದೆ ನಿಂತು ‘ನಿಮ್ಮವರ ಜೀವಕ್ಕೆ ಬೆಲೆ ಕಮ್ಮಿ’ ಅನ್ನಲಾರೆ. ಅವರು ತಮ್ಮವರನ್ನೇ ಉಳಿಸಿಕೊಂಡಿದ್ದರೆ ಅವರನ್ನು ದೂರುವುದಕ್ಕೂ ನನಗೆ ಬಾಯಿಲ್ಲ.

ಚಿಕ್ಕಪ್ಪ: ಈ ಮಾತು ಒಪ್ಪಿದೆ. ಆದರೆ ನ್ಯಾಯವೇ ಬೇಡ, ಬಲವಿದ್ದವನು ಗೆಲ್ಲಲಿ ಅನ್ನೋನಿಗೆ ಏನು ಹೇಳ್ತೀಯ?

ನಾನು: ಅವನನ್ನು ಕಟ್ಟಿಹಾಕುವ ತರ್ಕ ಇಲ್ಲ, ಚಿಕ್ಕಪ್ಪ. ಆದರೆ ತಾನೇ ಪೆಟ್ಟು ತಿಂದಾಗಲೂ ‘ಅನ್ಯಾಯ’ ಅನ್ನದವನನ್ನು ನೀವು ನೋಡಿದ್ದೀರಾ?