ಸಿಲ್ವರಾಡೋ ಟ್ರಕ್ಕಿನ ಮ್ಯಾನಿಫೋಲ್ಡ್ 1970ರ ಶೆವೆಲ್‌ಗೆ ಕೂರುತ್ತಾ? ಎಡಗಡೆ ಜಾಗ ಸಾಲುತ್ತಿಲ್ಲ

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಎರಡು ವರ್ಷದಿಂದ 1970ರ ಶೆವರ್ಲೆ ಶೆವೆಲ್ ಕಾರೊಂದನ್ನು ಗ್ಯಾರೇಜಿನಲ್ಲಿಟ್ಟುಕೊಂಡು ಸರಿ ಮಾಡುತ್ತಿದ್ದೇನೆ. ಅದರ ಹಳೇ 307 (ಘನ ಇಂಚು) ಎಂಜಿನ್ ಕೈಕೊಟ್ಟಿತ್ತು. ಗುಜರಿಯಿಂದ 2004ರ ಸಿಲ್ವರಾಡೋ ಟ್ರಕ್ಕಿನ 5.3 ಲೀಟರ್ ಎಂಜಿನ್ ತಂದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಒಟ್ಟುಗೂಡಿಸಿ ಪೈಪಿಗೆ ಬಿಡುವ ಕಬ್ಬಿಣದ ಕೊಳವೆ) ಎರಡೂ ಜೊತೆಗೇ ಬಂದವು. ಅದರ ಬದಲು ಹೆಡರ್ಸ್ (ಉಕ್ಕಿನ ಪೈಪುಗಳು) ಹಾಕಿಸು ಅಂತ ಗೆಳೆಯರು ಹೇಳುತ್ತಾರೆ, ಆದರೆ ನನಗೆ ಸದ್ದು ಜಾಸ್ತಿ ಬೇಡ, ಬೀಡು ಕಬ್ಬಿಣದ್ದೇ ಇರಲಿ ಅಂತ ಇಷ್ಟ. ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ, ಅವರನ್ನು ಕೂರಿಸಿಕೊಂಡು ಆಗಸ್ಟಿನಲ್ಲಿ ನಡೆಯುವ ಹಳೇ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋಗಬೇಕು.

ಎಂಜಿನ್ ಗಾಡಿಯೊಳಗೆ ಇಳಿಸಿ ನೋಡಿದೆ. ಬಲಗಡೆ ಪರವಾಗಿಲ್ಲ. ಎಡಗಡೆ ಮ್ಯಾನಿಫೋಲ್ಡಿನ ಹಿಂದಿನ ಬಾಯಿಗೂ ಸ್ಟೀರಿಂಗ್ ಶಾಫ್ಟಿಗೂ ನಡುವೆ ಕಿರುಬೆರಳು ಕೂಡ ಹೋಗುವುದಿಲ್ಲ. ಕೊಯ್ದು ಬೆಸುಗೆ ಹಾಕಿಸಲಾ, ಬೇರೆ ಹುಡುಕಲಾ? ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಬೀಡುಕಬ್ಬಿಣ:
ಈಗಲೇ ಕೊಯ್ಯಬೇಡಿ ಸರ್. ಮೊದಲು ಒಂದು ಮಾತು ಹೇಳಿ, ಎಂಜಿನ್ ಇಳಿಸಿದಾಗ ಟ್ರಕ್ಕಿನ ಆಯಿಲ್ ಪ್ಯಾನ್ (ತಳದ ಎಣ್ಣೆ ತೊಟ್ಟಿ) ಹಾಗೇ ಇತ್ತಾ? ಆ ಪ್ಯಾನ್ ತುಂಬಾ ಆಳ, ಫ್ರೇಮಿನ ಅಡ್ಡ ತೊಲೆಗೆ (ಕ್ರಾಸ್ ಮೆಂಬರ್) ತಾಗುತ್ತದೆ, ಆಗ ಎಂಜಿನ್ ಕೂರಬೇಕಾದ ಜಾಗದಲ್ಲಿ ಕೂತಿರುವುದೇ ಇಲ್ಲ. ಆ ಸ್ಥಿತಿಯಲ್ಲಿ ಹಿಡಿದ ಅಳತೆ ಯಾವುದೂ ಲೆಕ್ಕಕ್ಕಿಲ್ಲ.

ನಾನು 1971ರ ಶೆವೆಲ್‌ಗೆ ಇದೇ ಎಂಜಿನ್ ಹಾಕಿದ್ದೇನೆ. ಈ ಕೆಲಸದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಮ್ಯಾನಿಫೋಲ್ಡ್ ಹೆಡ್ಡಿಗೆ (ಎಂಜಿನ್ ಸಿಲಿಂಡರ್‌ಗಳ ಮೇಲಿನ ಭಾಗ) ಕೂತಿತು ಅಂದರೆ ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಅದು ಟ್ರಕ್ಕಿನ ಎಂಜಿನ್, ಟ್ರಕ್ಕಿನ ಮ್ಯಾನಿಫೋಲ್ಡ್, ಕೂರದೆ ಏನು? ನೋಡಬೇಕಾದ್ದು ಕೆಳಗೆ: ಫ್ರೇಮ್, ಸ್ಟೀರಿಂಗ್ ಬಾಕ್ಸ್, ಬಲಗಡೆ ಸ್ಟಾರ್ಟರ್. ಅಲ್ಲಿ ಜಾಗ ಸಿಗುತ್ತಾ ಇಲ್ವಾ ಅನ್ನುವುದು ಎಂಜಿನ್ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಇದೆ. ಗಾಡಿಯಲ್ಲಿ ಎಂಜಿನ್ ಕೂರುವ ಹಳೇ ಮೌಂಟಿಗೂ ಈ ಎಂಜಿನ್ನಿಗೂ ನಡುವೆ ಹೇಗೂ ಅಡಾಪ್ಟರ್ ಪ್ಲೇಟ್ ಬೇಕು, ಹಿಂದೆ ಮುಂದೆ ಸರಿಸಬಹುದಾದದ್ದನ್ನೇ ತನ್ನಿ. ನಾನು ಒಂದು ಇಂಚು ಮುಂದಕ್ಕೆ ಸರಿಸಿದ ಮೇಲೆ ಎಡಗಡೆ ಉಸಿರಾಡುವಷ್ಟು ಜಾಗ ಆಯಿತು. ಮುಂದಕ್ಕೆ ತಂದರೆ ರೇಡಿಯೇಟರ್ ಫ್ಯಾನಿನ ಕಡೆ ಬಿಗಿಯಾಗುತ್ತದೆ, ಅದನ್ನೂ ಒಂದು ಸಲ ನೋಡಿಕೊಳ್ಳಿ.

ಜಾಗ ಅಳೆಯಲು ಮಕ್ಕಳು ಆಡುವ ಕ್ಲೇ ತೆಗೆದುಕೊಂಡು ಉಂಡೆ ಮಾಡಿ ಶಾಫ್ಟಿಗೆ, ಫ್ರೇಮಿಗೆ ಅಂಟಿಸಿ. ಎಂಜಿನ್ ಇಳಿಸಿ, ಮತ್ತೆ ಎತ್ತಿ, ಚಪ್ಪಟೆಯಾದ ಉಂಡೆಯ ದಪ್ಪ ಅಳೆಯಿರಿ. ಎಲ್ಲಾ ಕಡೆ ಅರ್ಧ ಇಂಚಾದರೂ ಇರಲಿ. ನಾನು ಮೊದಲ ಸಲ ಬಲಗಡೆ ಕಾಲು ಇಂಚು ಸಾಕು ಅಂತ ಬಿಟ್ಟಿದ್ದೆ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಎಂಜಿನ್ನಿನ ಎಡಭಾಗ ಏಳುತ್ತದೆ, ಬಲಭಾಗ ಕೆಳಗಿಳಿಯುತ್ತದೆ. ಪೈಪು ಫ್ರೇಮಿಗೆ ಬಡಿದು ಇಡೀ ಗಾಡಿ ಗುಂಯ್ ಅನ್ನುತ್ತಿತ್ತು. ಎಡಗಡೆ ಇನ್ನೊಂದು ವಿಷಯ: ಸ್ಟೀರಿಂಗ್ ಬಾಕ್ಸಿಗೆ ಶಾಫ್ಟ್ ಸೇರುವ ಕಡೆ ರಬ್ಬರಿನ ಬಿಲ್ಲೆ ಇರುತ್ತದೆ. ಮ್ಯಾನಿಫೋಲ್ಡ್ ತಾಗದಿದ್ದರೂ ಅದರ ಬಿಸಿಗೇ ಆ ಬಿಲ್ಲೆ ಒಣಗಿ ಬಿರುಕು ಬಿಡುತ್ತದೆ. ಸ್ಟೀರಿಂಗ್ ವಿಷಯ, ಸುಮ್ನೆ ಬಿಡುವಂಥದ್ದಲ್ಲ. ನಡುವೆ ತಗಡಿನ ಮರೆ ಕಟ್ಟಿ.

ವೀಕೆಂಡ್ ಮೆಕ್ಯಾನಿಕ್:
ಜಾಗದ ಮಾತು ಸರಿ, ಆದರೆ ಮ್ಯಾನಿಫೋಲ್ಡ್ ಹಿಡಿದಿರುವ ಬೋಲ್ಟ್ ನೋಡಿದ್ದೀರಾ? ಈ ಟ್ರಕ್ ಎಂಜಿನ್‌ಗಳಲ್ಲಿ ತೀರಾ ಹಿಂದಿನ ಬೋಲ್ಟ್ ಮುರಿಯುವುದು ಮಾಮೂಲಿ. ಹೆಡ್ ಅಲ್ಯುಮಿನಿಯಂ, ಮ್ಯಾನಿಫೋಲ್ಡ್ ಕಬ್ಬಿಣ, ಬಿಸಿಗೆ ಎರಡೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ, ವರ್ಷಗಟ್ಟಲೆ ಆ ಎಳೆದಾಟ ತಡೆದು ತಡೆದು ಕೊನೆಗೆ ತುದಿಯ ಬೋಲ್ಟಿನ ತಲೆ ಹಾರಿಹೋಗುತ್ತದೆ. ಎಂಜಿನ್ ಹೊರಗಿರುವಾಗಲೇ ಸರಿ ಮಾಡಿ, ಗಾಡಿಯೊಳಗೆ ಕೂತ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಹೊಸ ಬೋಲ್ಟ್ 8 ಮಿಲಿಮೀಟರಿನದು. ಮಧ್ಯದಿಂದ ತುದಿಗೆ ಬಿಗಿಸುತ್ತಾ ಬನ್ನಿ, ಮೊದಲ ಸುತ್ತು 15 ನ್ಯೂಟನ್ ಮೀಟರ್, ಎರಡನೇ ಸುತ್ತು 25. ಅಷ್ಟೇ, ಜಾಸ್ತಿ ಬೇಡ.

ಕ್ಯಾಮರೋ ಪ್ರೇಮಿ:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಟ್ರಕ್ಕಿನದಕ್ಕೆ ಇಷ್ಟು ಒದ್ದಾಡುವ ಬದಲು 2010ರಿಂದ 2015ರ ಕ್ಯಾಮರೋ ವಿ8 ಮ್ಯಾನಿಫೋಲ್ಡ್ ಹುಡುಕಿ. ಅದೂ ಬೀಡು ಕಬ್ಬಿಣದ್ದೇ, ನಿಮ್ಮ ಹೆಡ್ಡಿಗೆ ಅದೇ ಬೋಲ್ಟ್ ತೂತುಗಳಲ್ಲಿ ಕೂರುತ್ತದೆ. ನನ್ನ 1969ರ ಕ್ಯಾಮರೋಗೆ ಅದನ್ನೇ ಹಾಕಿದ್ದೇನೆ, ಸ್ಟೀರಿಂಗ್ ಕಡೆ ಏನೂ ಕೊಯ್ಯಬೇಕಾಗಲಿಲ್ಲ. ನಿಮ್ಮದು ಬೇರೆ ಫ್ರೇಮ್, ಕ್ಲೇ ಪರೀಕ್ಷೆ ಮಾತ್ರ ಬಿಡಬೇಡಿ. ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್‌ಗೆ ಜಾಗ ಮಾಡಿಸುವಾಗ ಸೆನ್ಸರ್ ಸ್ವಲ್ಪ ಮೇಲ್ಮುಖವಾಗಿ ಇರುವಂತೆ ಹೇಳಿ. ಕೆಳಗೆ ಹಾಕಿದರೆ ಪೈಪಿನೊಳಗಿನ ನೀರು ನಿಂತು ಸೆನ್ಸರ್ ಹಾಳಾಗುತ್ತದೆ.

ಹಳೇಗಾಡಿ:
ತುಂಬಾ ಥ್ಯಾಂಕ್ಸ್. ಹೌದು, ಟ್ರಕ್ಕಿನ ಪ್ಯಾನೇ ಇತ್ತು! ನಿನ್ನೆ ಎಂಜಿನ್ ಮತ್ತೆ ಎತ್ತಿ ಬಿಚ್ಚಿ ನೋಡಿದೆ. ಎಂಟನೇ ಸಿಲಿಂಡರ್ ಹಿಂದಿನ ಬೋಲ್ಟಿಗೆ ತಲೆಯೇ ಇಲ್ಲ, ಹೆಡ್ಡಿನ ಮಟ್ಟಕ್ಕೇ ಮುರಿದಿದೆ, ಸುತ್ತ ಕಪ್ಪು ಮಸಿ ಹಿಡಿದಿದೆ. ಚಿಕ್ಕ ಪ್ಯಾನ್ ತರಿಸಿ, ಕ್ಲೇ ಹಚ್ಚಿ ಅಳೆದ ಮೇಲೆ ಯಾವ ಮ್ಯಾನಿಫೋಲ್ಡ್ ಅಂತ ತೀರ್ಮಾನ ಮಾಡುತ್ತೇನೆ. ಬೋಲ್ಟ್ ತೆಗೆಯುವುದು ಹೇಗೆ?

ವೀಕೆಂಡ್ ಮೆಕ್ಯಾನಿಕ್:
ಡ್ರಿಲ್ ಹಿಡಿಯಬೇಡಿ, ಅಲ್ಯುಮಿನಿಯಂ ಮೆತ್ತಗೆ, ಡ್ರಿಲ್ ಜಾರಿ ಹೆಡ್ಡಿಗೇ ಹೋಗುತ್ತದೆ. ಮುರಿದ ತುದಿಯ ಮೇಲೆ ಒಂದು ನಟ್ ಇಟ್ಟು ಅದರ ತೂತಿನೊಳಗೆ ಮಿಗ್ ವೆಲ್ಡ್ (ತಂತಿಯ ಬೆಸುಗೆ) ತುಂಬಿ. ಉಕ್ಕು ಅಲ್ಯುಮಿನಿಯಂಗೆ ಹಿಡಿಯುವುದಿಲ್ಲ, ಹೆದರಬೇಡಿ. ಆರಲು ಬಿಡಿ, ಆಮೇಲೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ನಿಧಾನಕ್ಕೆ ಆಡಿಸಿ. ಮೊದಲನೇ ನಟ್ ಕಿತ್ತುಬಂದರೆ ಎರಡನೆಯದು ಹಾಕಿ. ನನಗೆ ಮೂರನೆಯದಕ್ಕೆ ಬಂತು.