ವಕೀಲ್ ಮೇಡಂ ಅವರನ್ನ ಕೇಳಿ: ಕೆಂಪು ಟಿಕ್, ವಿಡಿಯೋ ಅರೆಸ್ಟ್ ಮತ್ತು ಒಂದು ಹೆಬ್ಬೆರಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ನಮ್ಮ ಬಡಾವಣೆಯ ವಕೀಲ್ ಮೇಡಂ ಮೊಬೈಲು, ಇಂಟರ್ನೆಟ್ಟಿನ ಕಾನೂನಿನ ಬಗ್ಗೆ ಉತ್ತರ ಕೊಡುತ್ತಾರೆ. ಪಹಣಿ, ಪೋಡಿ, ಕಾಂಪೌಂಡ್ ಜಗಳ ಕೇಳಬೇಡಿ. ಮಧ್ಯದಲ್ಲಿ ಶುಭೋದಯದ ಹೂವು ಹಾಕಬೇಡಿ, ಈಗ ಸಂಜೆ.

ಮೂರನೇ ಕ್ರಾಸ್ ಮೇಷ್ಟ್ರು: ಮೇಡಂ, ಹೀಗೊಂದು ಮೆಸೇಜ್ ಬಂದಿದೆ. ನಾಳೆಯಿಂದ ವಾಟ್ಸಾಪ್‌ನ ಎಲ್ಲ ಕರೆ ರೆಕಾರ್ಡ್ ಆಗುತ್ತದಂತೆ. ಟಿಕ್ ಕೆಂಪಾದರೆ ಸರ್ಕಾರ ನಮ್ಮ ಮೆಸೇಜ್ ನೋಡುತ್ತಿದೆ ಅಂತ ಅರ್ಥವಂತೆ. ಮೂರೂ ಕೆಂಪಾದರೆ ಕೋರ್ಟಿನಿಂದ ಸಮನ್ಸ್. ಎಲ್ಲರಿಗೂ ಒಳ್ಳೆಯದಾಗಲಿ ಅಂತ ಎಲ್ಲ ಗ್ರೂಪಿಗೂ ಕಳಿಸಿದ್ದೇನೆ.

ವಕೀಲ್ ಮೇಡಂ: ಮೇಷ್ಟ್ರೇ, ಈ ಮೆಸೇಜ್ ವರ್ಷಗಳಿಂದ ಸುತ್ತುತ್ತಿದೆ. ಪ್ರತಿ ಸಲವೂ "ನಾಳೆಯಿಂದ". ಹಿಂದೆ ಮನೆ ಬಾಗಿಲಿಗೆ "ನಾಳೆ ಬಾ" ಅಂತ ಬರೆದು ವಾಪಸ್ ಕಳಿಸುತ್ತಿದ್ದರಲ್ಲ, ಆ ದೆವ್ವವೇ ಈಗ ವಾಟ್ಸಾಪ್ ಸೇರಿಕೊಂಡಿರಬೇಕು.

ಒಂದು ಬೂದು ಟಿಕ್ ಅಂದರೆ ಹೋಯಿತು. ಎರಡು ಬೂದು ಅಂದರೆ ತಲುಪಿತು. ಎರಡೂ ನೀಲಿ ಅಂದರೆ ಓದಿಯೂ ಉತ್ತರ ಕೊಟ್ಟಿಲ್ಲ. ಕೆಂಪು ಅನ್ನುವುದೇ ಇಲ್ಲ. 2016ರಿಂದ ವಾಟ್ಸಾಪ್ ಮೆಸೇಜುಗಳು ಕಳಿಸಿದವರ ಫೋನಿನಲ್ಲಿ ಬೀಗ ಹಾಕಿಕೊಂಡು ಪಡೆದವರ ಫೋನಿನಲ್ಲೇ ತೆರೆಯುತ್ತವೆ. ಸರ್ಕಾರ ನಿಜಕ್ಕೂ ಕೇಳುತ್ತಿರುವುದು ಬೇರೆ. ಒಂದು ಮೆಸೇಜನ್ನು ಮೊಟ್ಟಮೊದಲು ಹಾಕಿದವರು ಯಾರು ಅಂತ ಹೇಳಿ ಎಂದು 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮದಲ್ಲಿ ಬರೆದಿದೆ. ವಾಟ್ಸಾಪ್ ಅದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಬೀಗ ಮುರಿ ಅಂದರೆ ಭಾರತದಲ್ಲಿ ಅಂಗಡಿ ಮುಚ್ಚಬೇಕಾಗುತ್ತದೆ ಅಂತ 2024ರ ಏಪ್ರಿಲ್‌ನಲ್ಲಿ ಅವರ ವಕೀಲರು ಅಲ್ಲಿ ಹೇಳಿದರು. ಎಲ್ಲರ ಮೆಸೇಜ್ ಈಗಾಗಲೇ ಓದುತ್ತಿರುವವರು ಇಷ್ಟೆಲ್ಲ ಕಷ್ಟಪಟ್ಟು ಕೇಳುವುದೇಕೆ, ಅಲ್ವಾ?

ಎರಡನೇ ಕ್ರಾಸ್ ಸದಸ್ಯ: ಆದರೆ ಐಟಿ ಕಾಯ್ದೆಯ ಸೆಕ್ಷನ್ 66ಎ ಪ್ರಕಾರ ಪೋಸ್ಟ್ ಹಾಕಿದವರನ್ನ ಒಳಗೆ ಹಾಕುತ್ತಾರಂತಲ್ಲ ಮೇಡಂ?

ವಕೀಲ್ ಮೇಡಂ: ಆ ಸೆಕ್ಷನ್ನಿನ ಕಥೆ ದೊಡ್ಡದು. ಆನ್‌ಲೈನ್‌ನಲ್ಲಿ ಯಾರಿಗಾದರೂ "ಕಿರಿಕಿರಿ" ಆಗುವ ಹಾಗೆ ಬರೆದರೂ 3 ವರ್ಷ ಜೈಲು ಅಂತ ಅದರಲ್ಲಿತ್ತು. ಕಿರಿಕಿರಿ! ಹಾಗೆ ನೋಡಿದರೆ ಈ ಗ್ರೂಪಿನಲ್ಲಿ ಒಬ್ಬರೂ ಹೊರಗೆ ಉಳಿಯುತ್ತಿರಲಿಲ್ಲ. 2012ರಲ್ಲಿ ಶಿವಸೇನೆಯ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಯಾಕೆ ಅಂತ ಪಾಲ್ಘರ್‌ನ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದಳು, ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರೂ ಅರೆಸ್ಟ್. ಶ್ರೇಯಾ ಸಿಂಘಲ್ ಕೇಸಿನಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನೇ ರದ್ದು ಮಾಡಿತು.

ಅಲ್ಲಿಗೆ ಮುಗೀತು ಅಂದುಕೊಂಡಿರಾ? ಆಮೇಲೂ ಪೊಲೀಸರು ವರ್ಷಗಟ್ಟಲೆ ಅದೇ ಸೆಕ್ಷನ್ ಹಾಕಿ ಎಫ್‌ಐಆರ್ ಬರೆಯುತ್ತಲೇ ಇದ್ದರು. 2021ರಲ್ಲಿ ವಿಷಯ ಮತ್ತೆ ಕೋರ್ಟಿಗೆ ಬಂದಾಗ ನ್ಯಾಯಮೂರ್ತಿಗಳೇ ದಂಗಾದರು. ಕೇಂದ್ರ ಸರ್ಕಾರದ ಹಿರಿಯ ವಕೀಲರಾದ ಅಟಾರ್ನಿ ಜನರಲ್ ಕೊಟ್ಟ ಕಾರಣ ನನಗೆ ಬಹಳ ಇಷ್ಟ. ಪುಸ್ತಕದಲ್ಲಿ ಸೆಕ್ಷನ್ ಹಾಗೇ ಇದೆ, ರದ್ದಾಗಿದೆ ಅನ್ನುವುದು ಅಡಿಟಿಪ್ಪಣಿಯಲ್ಲಿದೆ, ಅದನ್ನು ಯಾರೂ ಓದುವುದಿಲ್ಲ ಅಂತ. ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಕೋರ್ಟ್ ಇನ್ನೊಮ್ಮೆ ಆದೇಶ ಮಾಡಬೇಕಾಯಿತು, ಇಲ್ಲದ ಸೆಕ್ಷನ್ನಿನಲ್ಲಿ ಕೇಸ್ ಹಾಕಬೇಡಿ ಅಂತ. ಇಲ್ಲದ ಕೆಂಪು ಟಿಕ್‌ಗೆ ನೀವು ಹೆದರಿದ್ದರಲ್ಲಿ ಆಶ್ಚರ್ಯ ಇಲ್ಲ ಮೇಷ್ಟ್ರೇ.

ಅಡ್ಮಿನ್: ಮೇಡಂ, ಯಾರೋ ಏನೋ ಹಾಕಿದರೆ ನನ್ನ ಮೇಲೆ ಕೇಸ್ ಆಗುತ್ತಾ?

ವಕೀಲ್ ಮೇಡಂ: ಬೇರೆಯವರು ಹಾಕಿದ್ದಕ್ಕೆ ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಹೊಣೆ ಹೊರಿಸಲಾಗದು ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೂ ಆ ಕೆಲಸದಲ್ಲಿ ಶಾಮೀಲಾಗಿದ್ದರೆ ಮಾತು ಬೇರೆ. ಜನರನ್ನ ಸೇರಿಸುವುದು, ತೆಗೆಯುವುದು, ಇಷ್ಟೇ ನಿಮ್ಮ ಅಧಿಕಾರ ಅಂತ ಕೋರ್ಟೇ ಹೇಳಿದೆ. ಬೇಜಾರು ಮಾಡ್ಕೋಬೇಡಿ.

ನೀರಿನ ಟ್ಯಾಂಕ್ ಎದುರು ಮನೆಯವರು: ಮೇಡಂ, ಮೊನ್ನೆ ನಮ್ಮತ್ತೆಗೆ ಮುಂಬೈ ಪೊಲೀಸ್ ಅಂತ ವಿಡಿಯೋ ಕಾಲ್ ಬಂತು. ಖಾಕಿ, ಟೋಪಿ, ಹಿಂದೆ ಅಶೋಕ ಸ್ತಂಭ ಎಲ್ಲ ಇತ್ತು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಮುಂದಿನಿಂದ ಏಳಬೇಡಿ ಅಂದರು. ಅತ್ತೆ "ಒಲೆ ಮೇಲೆ ಹಾಲಿಟ್ಟಿದ್ದೀನಿ, ಇರಪ್ಪ" ಅಂತ ಎದ್ದು ಹೋದರು. ಬರುವಷ್ಟರಲ್ಲಿ ಫೋನ್ ಚಾರ್ಜ್ ಮುಗಿದಿತ್ತು. ಈಗ ಅವರಿಗೆ ಒಂದೇ ಯೋಚನೆ. ಅರೆಸ್ಟಿನಿಂದ ತಪ್ಪಿಸಿಕೊಂಡ ಕೇಸ್ ಬೀಳುತ್ತಾ ಅಂತ.

ವಕೀಲ್ ಮೇಡಂ: ಮೊದಲು ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ದುಡ್ಡು ಹೋಗಿಲ್ಲ ತಾನೆ? ಹೋಗಿದ್ದರೆ ಇದನ್ನ ಓದುತ್ತಾ ಕೂರಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ.

ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. ಅರೆಸ್ಟ್ ಹೇಗೆ ಮಾಡಬೇಕು ಅಂತ ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್‌ನಲ್ಲಿದೆ. ಆಸಾಮಿ ತಾನಾಗೇ ಶರಣಾಗದಿದ್ದರೆ ಪೊಲೀಸರು ಮೈ ಮುಟ್ಟಿ ಹಿಡಿಯಬೇಕು, ಇಲ್ಲ ಎಲ್ಲೂ ಹೋಗದ ಹಾಗೆ ತಡೆದು ನಿಲ್ಲಿಸಬೇಕು. ಹೆಂಗಸರಾದರೆ ಸಾಮಾನ್ಯವಾಗಿ ಗಂಡು ಪೊಲೀಸ್ ಮುಟ್ಟುವ ಹಾಗಿಲ್ಲ, ಸೂರ್ಯ ಮುಳುಗಿದ ಮೇಲೆ ವಿಶೇಷ ಸಂದರ್ಭ ಬಿಟ್ಟು ಹಿಡಿಯುವ ಹಾಗೇ ಇಲ್ಲ. ಹಿಡಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ನಿಮ್ಮ ಅತ್ತೆಯನ್ನ ಹಿಡಿದು ಕೂರಿಸಿದ್ದು ವೈಫೈ. ಠಾಣೆಗೆ ಬನ್ನಿ ಅನ್ನುವ ನೋಟಿಸನ್ನು ಕೂಡ ಪೊಲೀಸರು ವಾಟ್ಸಾಪಿನಲ್ಲಿ ಕಳಿಸಿದರೆ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ.

ಹಳ್ಳಿಯವರು, ವಯಸ್ಸಾದವರು ಮಾತ್ರ ಮೋಸ ಹೋಗುತ್ತಾರೆ ಅಂದುಕೊಳ್ಳಬೇಡಿ. 2024ರಲ್ಲಿ ಲೂಧಿಯಾನದ ದೊಡ್ಡ ಜವಳಿ ಕಂಪನಿಯೊಂದರ ಮುಖ್ಯಸ್ಥರೇ 7 ಕೋಟಿ ಕಳೆದುಕೊಂಡರು. ಅವರಿಗೆ ವಿಡಿಯೋದಲ್ಲಿ ಒಂದು ಸುಪ್ರೀಂ ಕೋರ್ಟನ್ನೇ ತೋರಿಸಿದ್ದರು. ಮುಖ್ಯ ನ್ಯಾಯಮೂರ್ತಿ ಅಂತ ಒಬ್ಬ, ವಿಚಾರಣೆ, ಆದೇಶ, ಎಲ್ಲ ನಕಲಿ. ಕರಿ ಕೋಟು ಹಾಕಿಕೊಂಡು ಬದುಕುವವಳಾಗಿ ಒಂದು ಮಾತು ಹೇಳುತ್ತೇನೆ. ಕೇಸ್ ಹಾಕಿದ ಕೂಡಲೇ ವಿಚಾರಣೆಗೆ ಬಂತು, ಅವತ್ತೇ ಆದೇಶ ಆಯ್ತು ಅಂದರೆ ಅಲ್ಲೇ ಅನುಮಾನ ಪಡಿ. ಅಸಲಿ ಕೋರ್ಟಿನಲ್ಲಿ ಮೊದಲು ಸಿಗುವುದು ಮುಂದಿನ ದಿನಾಂಕ.

ನೀರಿನ ಟ್ಯಾಂಕ್ ಎದುರು ಮನೆಯವರು: ಥ್ಯಾಂಕ್ಸ್ ಮೇಡಂ. ಅತ್ತೆ ಕೇಳುತ್ತಿದ್ದಾರೆ, ಆ ಪಾರ್ಸೆಲ್ ಯಾವಾಗ ಬರುತ್ತೆ ಅಂತ.

ವಕೀಲ್ ಮೇಡಂ: ಅದೂ ಇಲ್ಲ ಅಂತ ನಿಧಾನಕ್ಕೆ ಹೇಳಿ.

ಅಡಿಕೆ ತೋಟದವರು: ನನ್ನದು ಬೇರೆ ಥರ. ವ್ಯಾಪಾರಿಯೊಬ್ಬರು ವಾಟ್ಸಾಪಿನಲ್ಲಿ "ಇಂತಿಷ್ಟು ಕ್ವಿಂಟಾಲ್ ರಾಶಿ ಅಡಿಕೆ, ಈ ರೇಟು, ಮುಂದಿನ ತಿಂಗಳು" ಅಂತ ಹಾಕಿದ್ದರು. ನಾನು ಹೆಬ್ಬೆರಳು ಎತ್ತಿದ ಚಿತ್ರ ಒತ್ತಿದೆ. ನೋಡಿದೆ ಅಂತ ಅಷ್ಟೆ. ಈಗ ರೇಟು ಏರಿದೆ. ಅವರು ಒಪ್ಪಂದ ಆಗಿದೆ ಅಂತಾರೆ. ಹೆಬ್ಬೆರಳಿಗೆಲ್ಲ ಕಾನೂನು ಇರುತ್ತಾ? ಸುಮ್ನೆ ಹೆದರಿಸ್ತಿದ್ದಾರೆ ಅಲ್ವಾ?

ವಕೀಲ್ ಮೇಡಂ: ನಗಬೇಡಿ, ಇದೇ ಕೇಸ್ ಕೆನಡಾದಲ್ಲಿ ನಡೆದುಹೋಗಿದೆ. ಅಲ್ಲಿನ ಸಸ್ಕ್ಯಾಚುವಾನ್ ಪ್ರಾಂತ್ಯದ ಒಬ್ಬ ರೈತ, ನಿಮ್ಮ ಅಡಿಕೆ ಇದ್ದ ಜಾಗದಲ್ಲಿ ಸುಮಾರು 87 ಟನ್ ಅಗಸೆ ಬೀಜ. ಖರೀದಿದಾರರು ಕರಾರಿನ ಫೋಟೋ ಕಳಿಸಿ ಒಪ್ಪಿಗೆ ತಿಳಿಸಿ ಅಂದರು. ರೈತ ಹೆಬ್ಬೆರಳು ಎತ್ತಿದ. ಅಗಸೆಯ ರೇಟು ಏರಿತು, ಮಾಲು ಬರಲಿಲ್ಲ. ಕರಾರು ತಲುಪಿದೆ ಅಂತ ಒತ್ತಿದ್ದು ಅಂದ ರೈತ, ನಿಮ್ಮ ಹಾಗೇ. 2023ರಲ್ಲಿ ಕೋರ್ಟ್ ಹೆಬ್ಬೆರಳನ್ನೇ ಸಹಿ ಅಂತ ಒಪ್ಪಿ 82 ಸಾವಿರ ಡಾಲರಿಗೂ ಜಾಸ್ತಿ ಕಟ್ಟಿಸಿತು. ಮೇಲ್ಮನವಿಯಲ್ಲೂ ಸೋತ.

ಆದರೆ ಅದಕ್ಕೆ ಒಂದು ಕಾರಣ ಇತ್ತು. ಆ ಇಬ್ಬರ ನಡುವೆ ಹಿಂದೆಯೂ ಹೀಗೇ ವ್ಯಾಪಾರ ನಡೆದಿತ್ತು. ಆಗೆಲ್ಲ ರೈತ "ಸರಿ", "ಹೂಂ" ಅಂತ ಒಂದೆರಡು ಪದ ಬರೆದು ಮಾಲು ಕಳಿಸಿದ್ದ. ಆ ರೂಢಿ ನೋಡಿ ಕೋರ್ಟ್ ಹಾಗೆ ಹೇಳಿತು. ಕೆನಡಾದ ತೀರ್ಪು ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಹಾಗಂತ ಖುಷಿಪಡಬೇಡಿ. 1872ರ ಕರಾರು ಕಾಯ್ದೆಯಲ್ಲಿ ಒಪ್ಪಿಗೆಯನ್ನು ಮಾತಿನಿಂದ ಕೊಟ್ಟರೂ ಆಯ್ತು, ನಡವಳಿಕೆಯಿಂದ ಕೊಟ್ಟರೂ ಆಯ್ತು. ಮೊಬೈಲಿನಲ್ಲಿ ಆದ ಕರಾರು ಅನ್ನುವ ಒಂದೇ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲ ಅಂತ ಐಟಿ ಕಾಯ್ದೆಯ 10ಎ ಹೇಳುತ್ತದೆ. ಹೋದ ವರ್ಷ ಅದೇ ವ್ಯಾಪಾರಿಗೆ ಹೆಬ್ಬೆರಳು ಒತ್ತಿ ಮಾಲು ಹಾಕಿದ್ದೀರಾ?

ಅಡಿಕೆ ತೋಟದವರು: (ಹೆಬ್ಬೆರಳು ಎತ್ತಿದ ಚಿತ್ರ)

ವಕೀಲ್ ಮೇಡಂ: ಆಫೀಸಿಗೆ ಬನ್ನಿ. ಫೋನ್ ತನ್ನಿ. ದಾರಿಯಲ್ಲಿ ಯಾರಿಗೂ ಏನೂ ಒತ್ತಬೇಡಿ.

ಮಹಿಳಾ ಸಂಘದ ಸದಸ್ಯೆ: ಮೇಡಂ, ನಾದಿನಿ ಚಿನ್ನ ವಾಪಸ್ ಕೊಡ್ತೀನಿ ಅಂತ ಬರೆದಿದ್ದು ಸ್ಕ್ರೀನ್‌ಶಾಟ್ ಇದೆ. ಸಾಕಲ್ವಾ?

ವಕೀಲ್ ಮೇಡಂ: ಸಂಘದ ಮೀಟಿಂಗಿಗೆ ಸಾಕು. ಕೋರ್ಟಿಗೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇದರ ಜೊತೆ ಪ್ರಮಾಣಪತ್ರ ಬೇಕು. ಎರಡು ಭಾಗ ಇರುತ್ತದೆ. ಒಂದಕ್ಕೆ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಆ ಫೈಲಿನ ಹ್ಯಾಶ್ ಅಂತ ಒಂದು ಉದ್ದನೆ ಸಂಖ್ಯೆಯನ್ನೂ ಬರೆಯಬೇಕು. ಸರ ಸಣ್ಣದಿದ್ದರೆ ಇದಕ್ಕಿಂತ ನಾದಿನಿ ಜೊತೆ ರಾಜಿಯೇ ಅಗ್ಗ. ಏನೇ ಆಗಲಿ ಮೂಲ ಚಾಟ್ ಅಳಿಸಬೇಡಿ, ಆ ಫೋನ್ ಎಕ್ಸ್‌ಚೇಂಜ್‌ಗೂ ಕೊಡಬೇಡಿ.

ಮೂರನೇ ಕ್ರಾಸ್ ಮೇಷ್ಟ್ರು: ಫೇಸ್‌ಬುಕ್ಕಿನಲ್ಲಿ "ನನ್ನ ಫೋಟೋ ಬಳಸಲು ನನ್ನ ಅನುಮತಿ ಇಲ್ಲ, ರೋಮ್ ಶಾಸನದ ಪ್ರಕಾರ ಶಿಕ್ಷಾರ್ಹ" ಅಂತ ಹಾಕಿದ್ದೇನೆ. ಇದಾದರೂ ಗಟ್ಟಿ ತಾನೆ?

ವಕೀಲ್ ಮೇಡಂ: ಮೇಷ್ಟ್ರೇ, ರೋಮ್ ಶಾಸನ ಇರುವುದು ನರಮೇಧ, ಯುದ್ಧಾಪರಾಧದ ವಿಚಾರಣೆಗೆ. ಭಾರತ ಅದಕ್ಕೆ ಸಹಿಯನ್ನೂ ಹಾಕಿಲ್ಲ. ನಿಮ್ಮ ಷಷ್ಟ್ಯಬ್ದಿ ಫೋಟೋ ಅಷ್ಟು ಭೀಕರವಾಗೇನೂ ಇಲ್ಲ. ಖಾತೆ ತೆರೆಯುವಾಗ ಓದದೇ ಒತ್ತಿದ ಷರತ್ತೇ ನಿಮಗೂ ಅವರಿಗೂ ಇರುವ ಕರಾರು. ಗೋಡೆ ಮೇಲೆ ಆಮೇಲೆ ಏನು ಬರೆದರೂ ಅದು ಬದಲಾಗುವುದಿಲ್ಲ.

ಎರಡನೇ ಕ್ರಾಸ್ ಸದಸ್ಯ: ಬಟ್ಟೆ ಅಂಗಡಿಯಲ್ಲಿ ಒಂದು ಬನಿಯನ್‌ಗೂ ಫೋನ್ ನಂಬರ್ ಕೇಳುತ್ತಾರೆ. ಕೊಟ್ಟ ಮೇಲೆ ಸಾಲ ಬೇಕಾ, ಸೈಟ್ ಬೇಕಾ ಅಂತ ಕಾಲ್. ಈಗ ಹೊಸ ಡೇಟಾ ಕಾನೂನು ಬಂದಿದೆಯಂತೆ, 250 ಕೋಟಿ ದಂಡವಂತೆ. ನನಗೆ ಎಷ್ಟು ಸಿಗಬಹುದು?

ವಕೀಲ್ ಮೇಡಂ: ಪೂರ್ತಿ ಲೆಕ್ಕ ಹೇಳುತ್ತೇನೆ, ಕುರ್ಚಿ ಮೇಲೆ ಕೂತು ಓದಿ. ಕಾನೂನು ಆಗಿದ್ದು 2023ರ ಆಗಸ್ಟ್‌ನಲ್ಲಿ. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ಅಂಗಡಿ, ಕಂಪನಿಗಳು ಪಾಲಿಸಬೇಕಾದ ಮುಖ್ಯ ಭಾಗಕ್ಕೆ ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ. ಅಲ್ಲಿಯವರೆಗೆ ಕಾಲ್ ಮಾಡುವವರಿಗೆ ಪ್ರಾಕ್ಟೀಸ್.

ದಂಡ ಗರಿಷ್ಠ 250 ಕೋಟಿ, ನಿಜ. ಆದರೆ ಅದು ಹೋಗುವುದು ಭಾರತದ ಸಂಚಿತ ನಿಧಿಗೆ. ಸೋರಿದ್ದು ನಿಮ್ಮ ನಂಬರ್, ತುಂಬುವುದು ಸರ್ಕಾರದ ಖಜಾನೆ. ಹಳೇ ಐಟಿ ಕಾಯ್ದೆಯಲ್ಲಿ ಇಂಥ ನಿರ್ಲಕ್ಷ್ಯಕ್ಕೆ ನಷ್ಟವಾದವರೇ ಪರಿಹಾರ ಕೇಳುವ 43ಎ ಸೆಕ್ಷನ್ ಇದೆ. ಹೊಸ ಕಾನೂನು ಅದನ್ನೂ ತೆಗೆಯುತ್ತದೆ. ಇನ್ನೂ ಇದೆ, ತಾಳಿ. ನೀವು ಸುಳ್ಳು ದೂರು ಅಥವಾ ಕ್ಷುಲ್ಲಕ ದೂರು ಕೊಟ್ಟಿರಿ ಅಂತ ದೂರು ಕೇಳುವ ಡೇಟಾ ಸಂರಕ್ಷಣಾ ಮಂಡಳಿಗೆ ಅನ್ನಿಸಿದರೆ ನಿಮಗೇ 10 ಸಾವಿರದವರೆಗೆ ದಂಡ. ಡೇಟಾ ಯಾರದ್ದೋ ಅವರಿಗೂ ದಂಡ ಇಟ್ಟಿದ್ದಾರೆ ನೋಡಿ, ಯಾರನ್ನೂ ಬಿಟ್ಟಿಲ್ಲ.

ಒಳ್ಳೆಯದೂ ಇದೆ. ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲಿ ಕೊಡಿ ಅಂತ ಕೇಳುವ ಹಕ್ಕು ಈ ಕಾನೂನಿನಲ್ಲಿದೆ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗೂ ಇದೆ. ಹಾಗೆ ನೋಡಿದರೆ ಬಿಲ್ ಹಾಕಲು ನಂಬರ್ ಕೊಡಲೇಬೇಕು ಅಂತ ಹಠ ಮಾಡಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚಿಸಿತ್ತು. ಮುಂದಿನ ಸಲ "ನಂಬರ್ ಇಲ್ಲ, ಬಿಲ್ ಹಾಕಿ" ಅನ್ನಿ. ಕ್ಯಾಷಿಯರ್ ಮುಖ ನೋಡಿ, ಆಮೇಲೆ ಬಿಲ್ ತಗೊಳ್ಳಿ.

ಮಹಿಳಾ ಸಂಘದ ಸದಸ್ಯೆ: ಹಾಗಾದರೆ ಕೇಳದೇ ನನ್ನ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದ ನಾದಿನಿ ಮೇಲೆ ಈ ಕಾನೂನು?

ವಕೀಲ್ ಮೇಡಂ: ಮನೆಮಟ್ಟಿಗಿನ, ಸ್ವಂತದ ಬಳಕೆಗೆ ಈ ಕಾನೂನು ಅನ್ವಯಿಸುವುದಿಲ್ಲ. ಸಂಸತ್ತಿಗೂ ನಾದಿನಿಯರು ಇದ್ದಾರೆ ಅಂತ ಕಾಣುತ್ತದೆ.

ಪಿಯುಸಿ ಹುಡುಗ: ಆಂಟಿ, ಲಾಸ್ಟ್ ಪ್ರಶ್ನೆ. 18 ತುಂಬದವರ ಡೇಟಾ ತಗೊಳ್ಳೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕಂತೆ. ನನಗೆ 17. ಆದರೆ ನಮ್ಮಪ್ಪನ ಇಮೇಲ್, ಬ್ಯಾಂಕ್ ಆ್ಯಪ್, ಡಿಜಿಲಾಕರ್ ಎಲ್ಲ ಮಾಡಿಕೊಟ್ಟಿದ್ದು ನಾನೇ. ಪಾಸ್‌ವರ್ಡೂ ನನಗೇ ಗೊತ್ತಿರೋದು. ಹಾಗಾದರೆ ಒಪ್ಪಿಗೆ ಯಾರು ಕೊಡಬೇಕು?

ವಕೀಲ್ ಮೇಡಂ: ನಿಯಮದ ಪ್ರಕಾರ ಒಪ್ಪಿಗೆ ಕೊಡುವವರು ವಯಸ್ಕರು ಅನ್ನುವುದನ್ನು ಕಂಪನಿ ಖಚಿತ ಮಾಡಿಕೊಳ್ಳಬೇಕು. ಅದಕ್ಕೆ ಡಿಜಿಲಾಕರ್ ಕೂಡ ಒಂದು ದಾರಿ. ಅಂದರೆ ನಿಮ್ಮಪ್ಪ ಒಪ್ಪಿದ್ದಾರೋ ಇಲ್ಲವೋ ಅಂತ ಪರೀಕ್ಷೆ ಮಾಡಲು ಒಂದು ಒಟಿಪಿ ಬರುತ್ತದೆ. ಅದನ್ನ ಎಲ್ಲಿ ನೋಡಬೇಕು ಅಂತ ಅವರು ನಿನ್ನನ್ನೇ ಕೇಳುತ್ತಾರೆ. ಈ ನಿಯಮ ಬರೆದವರ ಮನೆಯಲ್ಲಿ ಹದಿನೇಳರ ಮಕ್ಕಳು ಇರಲಿಲ್ಲವೋ ಏನೋ. ಅಪ್ಪ ಈ ಗ್ರೂಪಿನಲ್ಲಿ ಇದ್ದಾರಾ?

ಪಿಯುಸಿ ಹುಡುಗ: ಇದ್ದಾರೆ ಆಂಟಿ. ಈ ಗ್ರೂಪ್ ಮ್ಯೂಟ್ ಮಾಡಿಕೊಟ್ಟಿದ್ದೂ ನಾನೇ.